ಭೂಕಂಪದಾಗ ಮುರಿದ ಕಾಲು, ಬಚ್ಚಲ ಹೊಸ್ತಿಲದಾಗ ಮುರಿದ ಚಪ್ಪಿ: ಒಬ್ಬ ಆಯಿಯ ಕೇಸು

ಸೋಲಾಪುರದ ಒಂದು ದವಾಖಾನ್ಯಾಗ ಹೆಣ್ಣುಮಕ್ಕಳ ಎಲುಬಿನ ಮ್ಯಾಲ ಒಂದು ಸ್ಟಡಿ ನಡೀಲಾಕತ್ತದ, ನಾ ಅದರಾಗ ಫಾರ್ಮು ತುಂಬೋದು, ಫಾಲೋಅಪ್ ಫೋನ್ ಮಾಡೋದು, ಪೇಷಂಟ್ ಕನ್ನಡದವರಿದ್ರ ಡಾಕ್ಟರಿಗೂ ಅವರಿಗೂ ನಡುವ ನಿಂತು ಮಾತು ದಾಟಿಸೋದು, ಇಂಥ ಕೆಲಸ ಮಾಡ್ತೀನಿ. 50 ದಾಟಿದ ಹೆಣ್ಣುಮಕ್ಕಳು ನಿಂತಲ್ಲಿಂದ ಬಿದ್ದು ಚಪ್ಪಿ (ತೊಡಿ ಟೊಂಕಕ್ಕ ಕೂಡೋ ಜಾಗ), ಬೆನ್ನು ಇಲ್ಲಾ ಮುಂಗೈ ಮುರ್ಕೊಂಡು ಬಂದ್ರ ಅವರನ್ನ ಸ್ಟಡ್ಯಾಗ ತಗೋತೀವಿ. ಗಾಡಿ ಆಕ್ಸಿಡೆಂಟು, ಮಾಳಿಗಿ ಮ್ಯಾಲಿಂದ ಬಿದ್ದಿದ್ದು, ಇಂಥವು ಬ್ಯಾಡ, ಯಾಕಂದ್ರ ಅಂಥ ಪೆಟ್ಟಿಗೆ ಗಟ್ಟಿ ಎಲುಬೂ ಮುರೀತದ, ಅದರಿಂದ ಎಲುಬು ಸವದದ ಅಂತ ಹೇಳ್ಲಿಕ್ಕ ಬರಂಗಿಲ್ಲ. ರೂಲು ಸರೀನೇ ಅದ. ಆದ್ರ ಈ ಒಂದು ಕೇಸಿನಾಗ ಅದೇ ರೂಲು ಪೇಷಂಟಿನ ಅರ್ಧ ಕಥಿ ಫಾರ್ಮಿನ ಹೊರಗ ಇಡ್ತು, ಅದಕ್ಕ ಪೂರ್ತಿ ಬರದು ಇಡೋಣ ಅಂತ.

ಪೇಷಂಟಿಗಿ ಆಯಿ ಅಂತನೇ ಬರೀತೀನಿ. ಹೆಸರು ಊರು ಬ್ಯಾಡ, ಗುರ್ತು ಹತ್ತೋ ಒಂದೆರಡು ವಿವರ ಬದಲಿ ಮಾಡೀನಿ, ಅವರಿಗೂ ಮಗಳಿಗೂ ಓದಿ ಹೇಳಿ ಒಪ್ಪಿಗಿ ತಗೊಂಡೀನಿ.

ಬಂದಾಗ ಏನಿತ್ತು

ಆಯಿ ಇರೋದು ಅಕ್ಕಲಕೋಟ ತಾಲೂಕಿನಾಗ, ಮಗಳ ಮನ್ಯಾಗ. ಬೆಳಿಗ್ಗಿ ಬಚ್ಚಲಿಂದ ಹೊರಗ ಬರೋ ಮುಂದ ಎಡಗಾಲು ಹೊಸ್ತಿಲಕ್ಕ ತಾಗಿ ಮೈ ಬಲಕ್ಕ ಹೊಳ್ಳಿ ಬಿದ್ರು, ಕೈಯಾಗ ಖಾಲಿ ತಂಬಿಗಿ ಬಿಟ್ರ ಏನೂ ಭಾರ ಇರಲಿಲ್ಲ, ನೆಲ ಜಾರೂ ಇರಲಿಲ್ಲ ಅಂತ ಮಗಳು ಹೇಳ್ತಾಳ. ಮೊದಲ ಹಾಡವೈದ್ಯನ ಕಡಿ, ಅಂದ್ರ ಎಲುಬು ಕೂಡಸೋ ನಾಟಿ ವೈದ್ಯನ ಕಡಿ ಒಯ್ದ್ರು, ಅಂವ ಎಣ್ಣಿ ಹಚ್ಚಿ ಪಟ್ಟಿ ಕಟ್ಟಿ ನರ ಹಿಡದದ ಅಂದ, ಎರಡು ದಿನ ಅದರಾಗ ಹೋಯ್ತು, ಮತ್ತೊಂದು ದಿನ ಗಾಡಿ ಸಿಗಲಿಲ್ಲ, ಅಂತೂ ಸೋಲಾಪುರ ಮುಟ್ಟೋದ್ರಾಗ ನಾಕನೇ ದಿನ. ಚಪ್ಪಿ ಮುರಿದವರಿಗಿ 48 ತಾಸಿನೊಳಗ ಆಪರೇಷನ್ ಆದ್ರ ಚಲೋ ಅಂತ ಎಲ್ಲಾ ಕಡಿ ಬರದಿರ್ತಾರ, ನಮ್ಮ ಕಡಿ ಆ 48 ತಾಸು ಹಳ್ಳಿಯಾಗೇ ಮುಗೀತಾವ.

ಇಲ್ಲಿ ಒಂದು ಚಂದನ ಸಂಗತಿ ಅದ, ಕಲಿಯೋ ಹುಡುಗರು ನೋಡಬೇಕಾದ್ದು. ಚಪ್ಪಿ ಮುರಿದ್ರ ಆ ಕಾಲು ಗಿಡ್ಡ ಆಗ್ತದ, ಪಾದ ಹೊರಗ ಹೊಳ್ಳಿ ಬೀಳ್ತದ, ಬಾಗಲದಾಗ ನಿಂತೇ ಗುರ್ತು ಹಿಡೀಬಹುದು. ಆಯಿದು ಪಾದ ಹೊರಗ ಹೊಳ್ಳಿತ್ತು ಖರೆ, ಆದ್ರ ಎರಡೂ ಕಾಲು ಸಮಾ ಇದ್ವು. ಕ್ಯಾಜುವಲ್ಟಿಯಾಗಿದ್ದ ಜೂನಿಯರ್ ಡಾಕ್ಟರ್ ಎಲುಬು ಜರದಿಲ್ಲ, ಸಣ್ಣ ಬಿರುಕು ಇರಬಹುದು ಅಂದ್ಕೊಂಡ್ರು. ಸೀನಿಯರ್ ಮೇಡಮ್ ಬಂದು ಟೇಪ್ ಹಿಡದು ಟೊಂಕದ ಎಲುಬಿನ ತುದಿಯಿಂದ ಹರಡಿನ ತನಕ ಎರಡೂ ಕಡಿ ಅಳತಿ ತಗೊಂಡ್ರು, ಆಮ್ಯಾಲ ಎಡ ತೊಡಿ ಮುಟ್ಟಿ ನೋಡಿದ್ರು, ನಡುವ ಒಂದು ಗಂಟು ಸಿಕ್ತು. ಎಡಗಾಲು ಮೊದಲಿಂದೇ ಗಿಡ್ಡ ಇತ್ತು. ಈಗ ಬಲಗಾಲು ಮುರದು ಅದರ ಸಮಾ ಬಂದಿತ್ತು, ಅಷ್ಟೇ.

ಎಡಗಾಲಿಗಿ ಏನಾಗಿತ್ತು ಆಯಿ ಅಂತ ಮೇಡಮ್ ಮರಾಠಿಯಾಗ ಕೇಳಿದ್ರು. "ಭೂಕಂಪ" ಅಂದ್ರು ಆಯಿ. ಮುಂದ ಮರಾಠಿಯಾಗ ಹೇಳ್ಲಿಕ್ಕ ಬರಲಿಲ್ಲ, ನನ್ನ ಕರದ್ರು.

ಎಕ್ಸ್‌ರೇದಾಗ ಬಲ ಚಪ್ಪಿಯ ಕೆಳಗ ತೊಡಿ ಎಲುಬಿನ ಬುಡದಾಗ, ಇಂಟರ್‌ಟ್ರೊಕ್ಯಾಂಟರಿಕ್ ಅಂತಾರಲ್ಲ ಅಲ್ಲಿ, ಮೂರು ತುಂಡು ಆಗಿತ್ತು. ಎಡಗಡಿ ತೊಡಿ ಎಲುಬು ನಡುವ ಸೊಟ್ಟ ಕೂಡಿದ್ದು, ಸುಮಾರು ಎರಡೂವರಿ ಸೆಂಟಿಮೀಟರ್ ಗಿಡ್ಡ. ಹಿಮೋಗ್ಲೋಬಿನ್ 9ರ ಹತ್ರ, ಶುಗರ್ ಇಲ್ಲ, ಬಿಪಿ ಇಲ್ಲ, ಕಿಡ್ನಿ ಚಲೋ ಅವ.

ವಯಸ್ಸಿನದು ಒಂದು ತಕರಾರು. ಆಧಾರದಾಗ ಹುಟ್ಟಿದ ತಾರೀಖು ಜನವರಿ 1, ಈ ಕಡಿ ಅರ್ಧ ಮಂದಿ ಜನವರಿ 1ಕ್ಕೇ ಹುಟ್ಯಾರ. ಅದರ ಪ್ರಕಾರ ಆಯಿಗಿ 66. ಭೂಕಂಪದ ಹೊತ್ತಿಗಿ ಮದವಿ ಆಗಿ ಎಷ್ಟು ವರ್ಷ, ಎಷ್ಟನೇ ಕೂಸು ಮೊಲಿ ಕುಡೀತಿತ್ತು ಅಂತ ಕೇಳ್ಕೋತ ಬಂದ್ರ 60ರ ಆಸುಪಾಸು ಬರ್ತದ. ಇದು ಸುಮ್ನ ತಲಿ ಕೆರಕೊಳ್ಳೋ ಮಾತಲ್ಲ, ಮುಂದ ಎಲುಬು ಮುರಿಯೋ ಅಪಾಯ ಎಷ್ಟದ ಅಂತ ಹೇಳೋ ಫ್ರಾಕ್ಸ್ ಲೆಕ್ಕದಾಗ ವಯಸ್ಸೇ ದೊಡ್ಡ ಅಂಕಿ, ಮತ್ತ 66ಕ್ಕ ಚಪ್ಪಿ ಮುರಿಯೋದು ಬ್ಯಾರೆ, 60ಕ್ಕ ಮುರಿಯೋದು ಬ್ಯಾರೆ. 60 ಆದ್ರ, ಇಷ್ಟು ಲಗೂನ ಯಾಕ ಅಂತ ಕೇಳಲೇಬೇಕು.

1993

ಆಯಿ ಆಗ ಉಮರ್ಗಾ ತಾಲೂಕಿನ ಒಂದು ಹಳ್ಳಿಗಿ ಸೊಸಿಯಾಗಿ ಹೋದವರು. ಉಸ್ಮಾನಾಬಾದ್ ಜಿಲ್ಲಾ, ಈಗ ಧಾರಾಶಿವ ಅಂತ ಹೆಸರು. ಹೊರಗ ಮರಾಠಿ, ಒಲಿ ಮುಂದ ಕನ್ನಡ, ಆ ಪಟ್ಟಿಯಾಗ ಹಿಂಗ ಎಷ್ಟೋ ಮನಿ ಅವ.

ಲಾತೂರು ಕಡಿಯ ಕಿಲ್ಲಾರಿ ಭೂಕಂಪ ಅಂತಾರಲ್ಲ, ಅದು. 1993 ಸೆಪ್ಟೆಂಬರ್ 30, ಬೆಳಗಿನ ನಾಕಕ್ಕ ಇನ್ನೂ ನಾಕೈದು ನಿಮಿಷ. ಹಿಂದಿನ ದಿನ ಅನಂತ ಚತುರ್ದಶಿ, ಗಣಪ್ಪನ್ನ ಕಳಿಸಿ ಬಂದು ಮಂದಿ ತಡಾಗಿ ಮಲಗಿದ್ರು. ತೀವ್ರತಾ 6.2, ಅದಕ್ಕಿಂತ ದೊಡ್ಡ ಭೂಕಂಪ ಆದಲ್ಲಿ ಸೈತ ಎಷ್ಟೋ ಕಡಿ ಇಷ್ಟು ಮಂದಿ ಸತ್ತಿಲ್ಲ. ಇಲ್ಲಿ ಸತ್ತವರ ಲೆಕ್ಕ 8 ಸಾವಿರದಿಂದ 10 ಸಾವಿರದ ನಡುವ ಹೇಳ್ತಾರ. ಭೂಮಿ ಭಾಳ ಆಳದಾಗಲ್ಲ, ಮ್ಯಾಲೇ ಒಡದಿತ್ತು, ಅದೊಂದು. ಎರಡನೇದು ಮನಿ. ಎರಡು ಮೂರು ಫೂಟ ದಪ್ಪ ಕರಿಕಲ್ಲಿನ ಗೋಡಿ, ಅದೂ ಕೆಸರು ಮಣ್ಣಿನಾಗ ಕಟ್ಟಿದ್ದು, ಮ್ಯಾಲ ತೊಲಿ ಜಂತಿ, ಅದರ ಮ್ಯಾಲ ಒಂದೆರಡು ಫೂಟ ಮಣ್ಣಿನ ಮೇಲ್ಮುದ್ದಿ. ಬ್ಯಾಸಗ್ಯಾಗ ಇಂಥ ಮನಿ ಭಾಳ ತಂಪು. ಗೋಡಿ ಎರಡು ಕಡಿ ಸೀಳಿ ಬಿಚ್ಚಿಕೊಂಡ್ರ ಇಡೀ ಮೇಲ್ಮುದ್ದಿ ಮಲಗಿದವರ ಎದಿ ಮ್ಯಾಲ ಬರ್ತದ.

"ನಮ್ಮ ಮನಿಯವರು ಹೊರಗ ಕಟ್ಟಿ ಮ್ಯಾಲ ಮಲಗಿದ್ರು ಬಾಯಿ, ನಾ ಎರಡು ಮಕ್ಕಳನ್ನ ತಗೊಂಡು ಒಳಗ. ಸಣ್ಣದು ಎಂಟು ತಿಂಗಳದ್ದು, ಮೊಲಿಗಿ ಇತ್ತು. ತೊಲಿ ನನ್ನ ತೊಡಿ ಮ್ಯಾಲ ಬಿತ್ತು, ಕೂಸು ನನ್ನ ಹೊಟ್ಟಿ ಕೆಳಗ ಉಳೀತು." ದೊಡ್ಡ ಮಗ ಉಳೀಲಿಲ್ಲ. ಅದರ ಬಗ್ಗೆ ಆಯಿ ಒಂದೇ ಮಾತು ಹೇಳಿದ್ರು, ನಾನೂ ಮುಂದ ಕೇಳಲಿಲ್ಲ.

ಎತ್ತಿದ್ದು ಮದ್ಯಾಹ್ನದ ಮ್ಯಾಲ. ಟ್ರಕ್ಕಿನಾಗ ಹಾಕಿ ಒಯ್ದ್ರಂತ, ಮೊದಲ ಒಂದು ಟೆಂಟು, ಆಮ್ಯಾಲ ದೊಡ್ಡ ದವಾಖಾನಿ. ಅಲ್ಲಿ ಮೊಣಕಾಲ ಕೆಳಗ ಎಲುಬಿನಾಗ ಸಲಾಖಿ ಹೊಡದು ಹಗ್ಗ ಕಟ್ಟಿ ಮಂಚದ ತುದಿಗಿ ಭಾರ ಜೋತಾಡಿಸಿದ್ರು. ಭಾರ ಅಂದ್ರ ಇಟ್ಟಂಗಿ. "ಮೂರು ಇಟ್ಟಂಗಿ ಬಾಯಿ, ಒಂದು ತುದಿ ಒಡದಿತ್ತು, ದಿನಾ ಅದನ್ನೇ ನೋಡ್ಕೋತ ಬಿದ್ದಿರ್ತಿದ್ದೆ." ಇದಕ್ಕ ಸ್ಕೆಲಿಟಲ್ ಟ್ರ್ಯಾಕ್ಷನ್ ಅಂತಾರ. ಒಮ್ಮಿಗೇ ಅಷ್ಟು ಮಂದಿ ಬಂದ್ರ ಎಲ್ಲಾರಿಗೂ ಎಲುಬಿನೊಳಗ ರಾಡು ಹಾಕಿ ಆಪರೇಷನ್ ಮಾಡೋದು ಆಗಂಗಿಲ್ಲ, ಟ್ರ್ಯಾಕ್ಷನ್ ಜೀವ ಮತ್ತ ಕಾಲು ಎರಡೂ ಉಳಸ್ತದ, ಅದರ ಬಗ್ಗೆ ನಂದು ಏನೂ ದೂರಿಲ್ಲ. ಅಕ್ಟೋಬರದಾಗ ಮಲಗಿದವರು ಸಂಕ್ರಾಂತಿ ಮುಂದ ಎದ್ರು. ಅಂದ್ರ ಮೂರು ತಿಂಗಳ ಮ್ಯಾಲ.

ಈ ಮೂರು ತಿಂಗಳದಾಗ ಎಲುಬಿಗೆ ಏನಾಗ್ತದ ಅಂತ ಸ್ವಲ್ಪ ನಿಂತು ನೋಡಬೇಕು. ಎಲುಬು ಭಾರ ಬಿದ್ರ ಉಳೀತದ, ಭಾರ ಇಲ್ಲಾಂದ್ರ ಮೈ ಅದನ್ನ ಕರಗಿಸ್ಲಿಕ್ಕ ಶುರು ಮಾಡ್ತದ. ಅಂತರಿಕ್ಷಕ್ಕ ಹೋದವರಿಗಿ ತಿಂಗಳಿಗಿ 1ರಿಂದ 1.5 ಪರ್ಸೆಂಟ್ ಚಪ್ಪಿ ಎಲುಬು ಕಮ್ಮಿ ಆಗ್ತದ ಅಂತ ಲೆಕ್ಕ ಅದ, ಹಾಸಗಿ ಹಿಡದವರದೂ ಅದೇ ದಾರಿ. ತೊಡಿ ಮುರಿದವರಿಗಿ ಆ ಕಾಲಿನ ಎಲುಬು ವರ್ಷಾನುಗಟ್ಟಲೆ ಆದ್ರೂ ಮೊದಲಿನಂಗ ತುಂಬಿ ಬರಂಗಿಲ್ಲ ಅನ್ನೋದೂ ಗೊತ್ತಿದ್ದ ಮಾತು. ಅದರ ಮ್ಯಾಲ ಆಯಿ ಬಾಣಂತಿ. ಮೊಲಿ ಕುಡಸೋ ಹೆಣ್ಣುಮಗಳ ಬೆನ್ನೆಲುಬಿನಾಗ 3ರಿಂದ 5 ಪರ್ಸೆಂಟ್ ತನಕ ಕಮ್ಮಿ ಆಗಿರ್ತದ, ಕೂಸು ಮೊಲಿ ಬಿಟ್ಟ ಮ್ಯಾಲ ತಾನೇ ತುಂಬಿಕೊಳ್ತದ, ದೇವರು ಮಾಡಿಟ್ಟ ವ್ಯವಸ್ಥಾ ಅದು. ಆದ್ರ ತುಂಬೋ ಹೊತ್ತಿಗಿ ಆಯಿ ಇಟ್ಟಂಗಿ ನೋಡ್ಕೋತ ಮಲಗಿದ್ರು. ಮೂವತ್ತರ ಆಸುಪಾಸು ಎಲುಬು ಜೀವಮಾನದ ತುದಿಗಿ ಮುಟ್ಟಬೇಕಾದ ಕಾಲ ಅದು.

ಭೂಕಂಪದ ಗಾಯದ ಮ್ಯಾಲ ನಡದ ರಿಸರ್ಚ್ ಹೆಚ್ಚೂಕಮ್ಮಿ ಮೊದಲಿನ ವಾರಗಳದ್ದೇ. 1988ರ ಆರ್ಮೇನಿಯಾ ಭೂಕಂಪದಾಗ ಮಣ್ಣಾಗ ಸಿಕ್ಕವರ ಸ್ನಾಯು ಜಜ್ಜಿ ಕಿಡ್ನಿ ಹೋದದ್ದು ನೋಡಿ ಜಗತ್ತು ಎಚ್ಚರಾಯ್ತು, 2005ರ ಕಾಶ್ಮೀರದ್ದರಾಗ ಬೆನ್ನುಹುರಿ ಮುರಿದವರ ಬಗ್ಗೆ ಚಲೋ ಕೆಲಸ ಆಯ್ತು, ಅವರಾಗ ಹೆಣ್ಣುಮಕ್ಕಳೇ ಹೆಚ್ಚು ಇದ್ರು. ಜೀವ ಉಳಿಸೋ ಕೆಲಸ ಇದು, ಬೇಕೇ ಬೇಕು. ಆದ್ರ ಮೂವತ್ತು ವರ್ಷದ ಮ್ಯಾಲ ಆ ಹೆಣ್ಣುಮಗಳ ಎಲುಬು ಹ್ಯಾಂಗದ ಅಂತ ಕೇಳ್ಲಿಕ್ಕ ಯಾರೂ ಅಲ್ಲಿರಂಗಿಲ್ಲ.

ನಡುವಿನ ವರ್ಷ

ಸರ್ಕಾರ 52 ಹಳ್ಳಿ ಬ್ಯಾರೆ ಜಾಗಕ್ಕ ಎತ್ತಿ ಕಟ್ಟಿತು, ವರ್ಲ್ಡ್ ಬ್ಯಾಂಕಿನ ಸಾಲ, 1994ರಿಂದ 1998ರ ತನಕ ಪ್ರಾಜೆಕ್ಟ್ ನಡೀತು. ಮನಿ ಸಣ್ಣವು ಆದ್ರ ಗಟ್ಟಿ. ಓಣಿ ಅಗಲ, ಹೊಲ ದೂರ, ಹಳೇ ಊರಿನಾಗ ಹೊರಗ ಬಂದ್ರ ಬಾವಿ ಇತ್ತು, ಹೊಸದರಾಗ ನಡೀಬೇಕು. ಕುಂಟೋ ಕಾಲಿಗಿ ಇದು ಸಣ್ಣ ಮಾತಲ್ಲ. ಆಯಿ ಹೊಲಕ್ಕ ಹೋಗೋದು ಬಿಟ್ರು, ಮನ್ಯಾಗ ಕೂತು ಮಾಡೋ ಕೆಲಸ ಹಿಡದ್ರು, ಸೋಲಾಪುರದ ಒಬ್ಬ ಸಂಬಂಧಿಕರ ಕಡಿ ಇದ್ದಾಗ ಬೀಡಿ ಕಟ್ಟಿದ್ರು. ಬಿಸಿಲಿನ ನಾಡಿನಾಗ ವಿಟಮಿನ್ ಡಿ ಹ್ಯಾಂಗ ಕಮ್ಮಿ ಆಗ್ತದ ಅಂತ ಕೇಳೋರಿಗಿ ಇದೇ ಉತ್ತರ, ಬಿಸಿಲು ಹೊರಗ ಅದ, ಹೆಣ್ಣುಮಗಳು ಒಳಗ ಕೂತಾಳ, ಮೈ ತುಂಬ ಸೀರಿ.

ಭೂಕಂಪ ಆಗಿ ಆರೇಳು ವರ್ಷಕ್ಕ ಹೆಚ್ಚು ರಕ್ತ ಹೋಗ್ತದ ಅಂತ ಒಂದು ಖಾಸಗಿ ದವಾಖಾನಿಗಿ ಹೋದ್ರು. ಪಿಶವಿ (ಗರ್ಭಚೀಲ) ಕೆಟ್ಟದ, ಇಟ್ರ ಕ್ಯಾನ್ಸರ್ ಆಗ್ತದ ಅಂದ್ರಂತ, ತಗಿಸಿದ್ರು. ಕಾಗದ ಏನೂ ಉಳದಿಲ್ಲ. ನಮ್ಮಲ್ಲಿ ಸೋನೋಗ್ರಫಿ ಮಾಡಿದಾಗ ಗರ್ಭಚೀಲ ಇಲ್ಲ, ಎರಡೂ ಅಂಡಾಶಯ ಕಾಣಲಿಲ್ಲ. ಎರಡೂ ತಗದಿದ್ರ, ಅಂದ್ರ ಹಂಗೇ ಕಾಣ್ತದ, 34-35ಕ್ಕೇ ಹಾರ್ಮೋನ್ ನಿಂತು ಹೋಯ್ತು. ನಮ್ಮ ದೇಶದ ಹೆಣ್ಣುಮಕ್ಕಳಿಗಿ ಮುಟ್ಟು ತಾನಾಗಿ ನಿಲ್ಲೋದು ಸರಾಸರಿ 46-47ಕ್ಕ. ನಿಂತ ಮ್ಯಾಲಿನ ಮೊದಲ ಐದಾರು ವರ್ಷ ಎಲುಬು ಜೋರಾಗಿ ಸವೀತದ. ಆಯಿಗಿ ಆ ಸವಕಳಿ ಹತ್ತು ಹನ್ನೆರಡು ವರ್ಷ ಮೊದಲೇ ಶುರು ಆಯ್ತು, ಒಂದು ಕ್ಯಾಲ್ಸಿಯಂ ಗುಳಗಿ ಸೈತ ಯಾರೂ ಕೊಡಲಿಲ್ಲ. ಬೀಡ್ ಜಿಲ್ಲಾದಾಗ ಕಬ್ಬು ಕಡಿಯೋ ಹೆಣ್ಣುಮಕ್ಕಳ ಪಿಶವಿ ತಗಿಸಿದ್ದು 2019ರಾಗ ದೊಡ್ಡ ಸುದ್ದಿ ಆಯ್ತಲ್ಲ, ಸರ್ಕಾರದ ಸಮಿತಿ ನೋಡಿದ 82 ಸಾವಿರ ಹೆಣ್ಣುಮಕ್ಕಳಾಗ 13 ಸಾವಿರದ ಮ್ಯಾಲ ಸಿಕ್ರು. ಆಗ ಎಲ್ಲಾರೂ ಪಿಶವಿ ಬಗ್ಗೆ ಮಾತಾಡಿದ್ರು, ಎಲುಬಿನ ಬಗ್ಗೆ ಕಮ್ಮಿ.

ಊಟ ಕೇಳಿದೆ. ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಳಿ, ಪುಂಡಿ ಪಲ್ಯ. ಹಾಲು ಡೇರಿಗಿ ಹೋಗ್ತದ, ಚಾದಾಗ ಬಣ್ಣ ಬರೋವಷ್ಟು ಉಳೀತದ. ಜ್ವಾಳದಾಗ ಕ್ಯಾಲ್ಸಿಯಂ 100 ಗ್ರಾಮಿಗಿ 30 ಮಿಲಿಗ್ರಾಂ ಸೈತ ಮುಟ್ಟಂಗಿಲ್ಲ, ರಾಗಿಯಾಗ ಅದರ ಹತ್ತು ಪಟ್ಟಿನ ಮ್ಯಾಲ ಅದ, ಆದ್ರ ಈ ಕಡಿ ರಾಗಿ ಯಾರು ತಿಂತಾರ. ಸಂಕ್ರಾಂತಿಗಿ ಸಜ್ಜಿ ರೊಟ್ಟಿಗಿ ಎಳ್ಳು ಹಚ್ತಾರ, ವರ್ಷ ಪೂರ್ತಿ ಹಚ್ಚಿದ್ರ ಏನಾರ ಆದೀತು. ಮತ್ತ ಮಿಸ್ರಿ. ಫಾರ್ಮಿನಾಗ ಬೀಡಿ ಸಿಗರೇಟ್ ಸೇದ್ತೀರೇನು ಅಂತ ಅದ, ಆಯಿ ಇಲ್ಲ ಅಂದ್ರು, ಖರೇನೇ. ಹಲ್ಲಿಗಿ ದಿನಕ್ಕ ನಾಕೈದು ಸಲ ಸುಟ್ಟ ತಂಬಾಕು ತಿಕ್ಕೋದು ಆ ಪ್ರಶ್ನೆಯೊಳಗ ಬರಂಗಿಲ್ಲ.

ಎಕ್ಸ್‌ರೇ ಮುಂದ ನಡದ ವಾದ

ಆಪರೇಷನ್ ಐದನೇ ದಿನ ಆಯ್ತು, ಕೇಸರಿ ರೇಷನ್ ಕಾರ್ಡ್ ಇತ್ತು, ಮಹಾರಾಷ್ಟ್ರ ಸರ್ಕಾರದ ಫುಲೆ ಆರೋಗ್ಯ ಯೋಜನಾದಾಗ ಬಂತು. ಬೆನ್ನಿಗಿ ಸೂಜಿ ಕೊಟ್ಟು ಬಲ ತೊಡಿಯೊಳಗ ನೇಲ್ ಹಾಕಿದ್ರು, ಪಿಎಫ್‌ಎನ್ ಅಂತಾರ. ಸರ್ಜನ್ ಹೊರಗ ಬಂದು, ಸ್ಕ್ರೂ ತಿರಗಿಸ್ಲಿಕ್ಕ ಜೋರೇ ಬೇಕಾಗಲಿಲ್ಲ, ಒಳಗ ಒರಲಿ ತಿಂದ ತೊಲಿ ಇದ್ದಂಗ ಅದ ಅಂದ್ರು. ಅದು ನನಗ ಎಲುಬು ಎಷ್ಟು ಗಟ್ಟಿ ಅದ ಅಂತ ಅಳಿಯೋ ಡೆಕ್ಸಾ ರಿಪೋರ್ಟಿಗಿಂತ ಹೆಚ್ಚು ತಿಳೀತು.

ಡೆಕ್ಸಾ ಆಮ್ಯಾಲ ಹೊರಗ ಮಾಡಿಸಿದ್ರು. ಇಲ್ಲೇ ಕೇಸು ರುಚಿ ಹತ್ತೋದು. ಬಲ ಚಪ್ಪಿಯಾಗ ಲೋಹ ಅದ, ಅಲ್ಲಿ ಅಳೀಲಿಕ್ಕ ಬರಂಗಿಲ್ಲ. ಎಡ ಚಪ್ಪಿ 1993ರ ಕಾಲಿಂದು. ಬೆನ್ನಿನ ಕೆಳಗಿನ ನಾಕು ಮಣಿ ಅಳೀತಾರ, ಅದರಾಗ ಮೊದಲ್ನೇದು ಚಪ್ಪಟಿ ಆಗಿತ್ತು. ಚಪ್ಪಟಿ ಆದ ಮಣಿ ಮಶೀನಿಗಿ ಗಟ್ಟಿ ಕಾಣ್ತದ, ಯಾಕಂದ್ರ ಅಷ್ಟೇ ಎಲುಬು ಸಣ್ಣ ಜಾಗದಾಗ ಒತ್ತಿಕೊಂಡಿರ್ತದ, ಅದನ್ನ ಬಿಟ್ಟು ಲೆಕ್ಕ ಹಾಕಬೇಕು. ಬಿಟ್ಟು ಹಾಕಿದಾಗ ಬೆನ್ನಿನ ಟಿ-ಸ್ಕೋರ್ (ಹರೇದ ಆರೋಗ್ಯವಂತರ ಎಲುಬಿಗಿ ಹೋಲಿಸಿದ ಅಂಕಿ) ಮೈನಸ್ 3.3, ಎಡ ಚಪ್ಪಿದು ಮೈನಸ್ 3.9. ಮೈನಸ್ 2.5 ಇಲ್ಲಾ ಅದರ ಕೆಳಗ ಇದ್ರ ಆಸ್ಟಿಯೊಪೊರೋಸಿಸ್, ಅಂದ್ರ ಎಲುಬು ಸವಕಳಿ ರೋಗ ಅಂತ ಡಬ್ಲ್ಯೂಎಚ್‌ಒ ಗೆರಿ ಎಳದದ. ಆ ಗೆರಿ ದಾಟಿ ಭಾಳ ದೂರ ಹೋಗ್ಯಾದ. ಮತ್ತ ಇಟ್ಟಂಗಿ ಕಟ್ಟಿದ್ದ ಕಾಲಿಂದು ಬೆನ್ನಿಗಿಂತ ಕೆಟ್ಟದ.

ಹಾಂಗಂದ್ರ ಭೂಕಂಪದ ಕಾಲು ಸವದದ್ದು ಸಾಬೀತಾಯ್ತು ಅಂತ ನಾ ಅಂದೆ. ಸ್ಟಡಿ ನಡಸೋ ನಮ್ಮ ಸರ್ ನಕ್ಕರು. ಎಡ ಬಲ ಹೋಲಿಸಿ ಹೇಳಬೇಕು, ಬಲಗಡಿ ನೇಲ್ ಅದ, ಹೋಲಿಸ್ಲಿಕ್ಕ ಏನದ ಅಂದ್ರು. ಅವರ ಮಾತು ಖರೇನೇ. ಆದ್ರ ಆಪರೇಷನ್ ಮೊದಲ ತಗದ ಎಕ್ಸ್‌ರೇದಾಗ ಎರಡೂ ಚಪ್ಪಿ ಒಂದೇ ಫಿಲ್ಮಿನಾಗ ಅವ. 1970ರಾಗ ಸಿಂಗ್ ಮತ್ತ ಅವರ ಸಂಗಡಿಗರು ನಮ್ಮ ದೇಶದಾಗೇ ಮಾಡಿದ ಒಂದು ಅಳತಿ ಅದ, ಚಪ್ಪಿ ಎಲುಬಿನೊಳಗಿನ ಗೆರಿ ಎಷ್ಟು ಉಳದಾವ ನೋಡಿ 6ರಿಂದ 1ರ ತನಕ ಗ್ರೇಡ್ ಕೊಡೋದು, 6 ಚಲೋ, 1 ಪೂರಾ ಹಾಳು. ಡೆಕ್ಸಾ ಬಂದ ಮ್ಯಾಲ ಅದನ್ನ ಹಳೇದು ಅಂತ ಬಿಟ್ಟಾರ, ನೋಡೋರು ಬ್ಯಾರೆ ಆದ್ರ ಗ್ರೇಡೂ ಬ್ಯಾರೆ ಬರ್ತದ ಅನ್ನೋ ತಕರಾರೂ ಅದ. ಮೇಡಮ್ ಎಡಕ್ಕ 2 ಕೊಟ್ರು. ಬಲಕ್ಕ ತುಂಡು ಆಗಿದ್ದಕ್ಕ ಗ್ರೇಡ್ ಕೊಡ್ಲಿಕ್ಕ ಬರಲಿಲ್ಲ, ಆದ್ರ ಕೆಳಗ ನಳಿಯ ಗೋಡಿ ಬಲದ್ದು ದಪ್ಪ, ಎಡದ್ದು ತೆಳ್ಳಗ, ಬರೀಗಣ್ಣಿಗೇ ಕಾಣ್ತಿತ್ತು. ಸರ್ ಎರಡು ಸಲ ನೋಡಿ, ಸೊಟ್ಟ ಕಾಲು ಫಿಲ್ಮಿನಾಗ ತಿರುವಿ ಬಿದ್ರೂ ಹಿಂಗ ಕಾಣ್ತದ ಅಂದ್ರು.

ಇನ್ನ ಆ ಚಪ್ಪಟಿ ಮಣಿ. ಅದು ಯಾವಾಗಿಂದು? 1993ರಾಗ ಮೇಲ್ಮುದ್ದಿ ಬಿದ್ದು ಒಡದದ್ದಾ, ಇಲ್ಲಾ ಈಗೀಗ ಎಲುಬು ಸವದು ತಾನೇ ಕುಸದದ್ದಾ? ಕುಸದದ್ದಾದ್ರ ಚಪ್ಪಿಕಿಂತ ಮೊದಲೇ ಮೈ ಒಂದು ಎಚ್ಚರಿಕಿ ಕೊಟ್ಟಿತ್ತು ಅಂತಾಯ್ತು. ಮಗಳು ಟ್ರಂಕಿನಾಗಿಂದ ಹಳೇ ಫಿಲ್ಮ್ ತಂದಳು, ಅರಿವಿ ಚೀಲದಾಗ ಸುತ್ತಿ ಇಟ್ಟಿದ್ರು, ಹಳದಿ ಬಣ್ಣಕ್ಕ ತಿರುಗಿತ್ತು, ಆದ್ರ ತೊಡಿದು ಅಷ್ಟೇ, ಬೆನ್ನಿಂದಿಲ್ಲ. ಹೊಸ ಫಿಲ್ಮಿನಾಗ ಆ ಮಣಿಯ ಅಂಚಿಗಿ ಎಲುಬು ಬೆಳದು ಕೆಳಗಿನ ಮಣಿಗಿ ಸೇತುವಿ ಕಟ್ಟಿತ್ತು, ಅಂದ್ರ ಹಳೇದು, ಭೂಕಂಪದ್ದೇ ಇರಬೇಕು. ಮ್ಯಾಲ ಎದಿ ಹಿಂದಿನ ಎರಡು ಮಣಿ ಸ್ವಲ್ಪ ಕುಸದಾವ, ಅವಕ್ಕ ಸೇತುವಿ ಇಲ್ಲ, ಅವು ಇತ್ತೀಚಿಗಿನವು. ತೋಳು ಚಾಚಿ ಅಳದ್ರ 151 ಸೆಂಟಿಮೀಟರ್, ನಿಂತ ಎತ್ತರ 143. ಹರೇದ ವಯಸ್ಸಿನಾಗ ಎರಡೂ ಹೆಚ್ಚೂಕಮ್ಮಿ ಒಂದೇ ಇರ್ತಾವ. ಎರಡೂವರಿ ಸೆಂಟಿಮೀಟರ್ ಎಡಗಾಲಿಂದ ಹೋಗ್ಯಾದ ಅಂದ್ರೂ ಬಲಗಾಲ ಮ್ಯಾಲ ನೆಟ್ಟಗ ನಿಂದ್ರಿಸಿ ಅಳದದ್ದದು, ಅದಕ್ಕ ಕಮ್ಮಿ ಆದದ್ದು ಬೆನ್ನಿನಾಗೇ ಹೋಗಿರಬೇಕು. ಮಗಳಿಗಿ ಕೇಳಿದೆ, ಅಕಿ ಅಂದಳು, "ಮಾಡದಾಗಿನ ಡಬ್ಬಿ ಮೊದಲ ಅವ್ವನ ಕೈಗಿ ಸಿಗ್ತಿತ್ತು ಅಕ್ಕಾ, ಎರಡು ವರ್ಷ ಆಯ್ತು, ನಾನೇ ತಗದು ಕೊಡ್ತೀನಿ." ಆ ಎರಡು ವರ್ಷದಾಗ ಬೆನ್ನು ನೋವು ಅಂತ ಎರಡು ಮೂರು ಕಡಿ ತೋರಿಸ್ಯಾರ, ಸೂಜಿ ಮಾಡಿ ಕಳಿಸ್ಯಾರ, ಒಂದು ಎಕ್ಸ್‌ರೇ ಇಲ್ಲ.

ಫಾರ್ಮು

ಫಾರ್ಮಿನಾಗ ಒಂದು ಪ್ರಶ್ನೆ ಹಿಂಗದ: ಮೊದಲ ಎಲುಬು ಮುರ್ದಿತ್ತೇನು, ಸಣ್ಣ ಪೆಟ್ಟಿಗೆ ಮುರಿದದ್ದು ಮಾತ್ರ ಹೇಳಿ. ಫ್ರಾಕ್ಸಿನಾಗೂ ಅದೇ ಅರ್ಥ, ಆರೋಗ್ಯವಂತರಿಗಿ ಮುರಿಯಂಗಿಲ್ಲದ ಪೆಟ್ಟಿಗೆ ಮುರಿದಿದ್ರ ಹೌದು, ಇಲ್ಲಾಂದ್ರ ಇಲ್ಲ. ತೊಲಿ ಬಿದ್ರ ಯಾರದಾದ್ರೂ ಮುರೀತದ, ಹಾಂಗಾಗಿ ಆಯಿಯ ಉತ್ತರ "ಇಲ್ಲ". ಮೂರು ತಿಂಗಳ ಹಾಸಗಿ, ಗಿಡ್ಡ ಕಾಲು, ಸೊಟ್ಟ ಎಲುಬು, ಎಲ್ಲಾ "ಇಲ್ಲ"ದೊಳಗ ಹೋದ್ವು.

ಜೋರ ಪೆಟ್ಟಿನ ಮುರಿತಾನ ಹಿಂಗ ಬಿಡೋದು ಸರಿಯಲ್ಲ ಅಂತ ದೊಡ್ಡ ದೊಡ್ಡ ಸ್ಟಡಿನೇ ಹೇಳ್ಯಾವ. 2007ರಾಗ ಜಾಮಾ ಪತ್ರಿಕ್ಯಾಗ ಬಂದದ್ದು ಒಂದು, ಕೆನಡಾದ ಮ್ಯಾನಿಟೋಬಾದ ದಾಖಲಿ ಹಿಡದು 2020ರಾಗ ಬಂದದ್ದು ಇನ್ನೊಂದು, ಎರಡರಾಗೂ ಜೋರ ಪೆಟ್ಟಿಗೆ ಮುರ್ಕೊಂಡವರ ಎಲುಬೂ ತೆಳ್ಳಗಿತ್ತು, ಮುಂದ ಮತ್ತ ಮುರಿಯೋ ಸಾಧ್ಯತಾನೂ ಹೆಚ್ಚಿತ್ತು. ನಾ ಇವನ್ನ ಪ್ರಿಂಟ್ ತಗದು ಸರ್ ಮುಂದ ಇಟ್ಟೆ. ಅವರು ಓದಿ, ಇವು ವಯಸ್ಸಾದವರ ಮ್ಯಾಲ ಮಾಡಿದ್ದು, ನಿನ್ನ ಆಯಿಗಿ ಆಗ ಇಪ್ಪತ್ತೆಂಟು, ಆಗಿನ ಎಲುಬು ತೆಳ್ಳಗಿತ್ತು ಅಂತ ಯಾರು ಹೇಳ್ತಾರ ಅಂದ್ರು.

ನಾ ಹಾಂಗ ಹೇಳ್ಲಾಕತ್ತಿಲ್ಲ. ಆಗ ಎಲುಬು ಗಟ್ಟೀನೇ ಇರಬಹುದು. ಆ ಪೆಟ್ಟು ಎಲುಬಿನ ಸ್ಥಿತಿ ತೋರಿಸ್ತಂತಲ್ಲ, ಆ ಪೆಟ್ಟಿನಿಂದ ಎಲುಬಿನ ಸ್ಥಿತಿ ಬದಲಾಯ್ತು ಅಂತ ನನ್ನ ಮಾತು. ಬಿದ್ದದ್ದು ಗಿಡ್ಡ ಕಾಲಿಂದ, ಮುರಿದದ್ದು ತೆಳು ಎಲುಬಿಂದ, ಎರಡರ ಹಿಂದೂ 1993 ಅದ. ಅದಕ್ಕ ಕೇಳಬೇಕಾದ್ದು ಏನು ಮುರೀತು ಅಂತಲ್ಲ, ಎಷ್ಟು ದಿನ ಹಾಸಗಿ ಹಿಡದಿದ್ರಿ, ಎದ್ದ ಮ್ಯಾಲ ಮೊದಲಿನಂಗ ನಡದ್ರ್ಯಾ, ಕಾಲು ಗಿಡ್ಡಾಯ್ತಾ ಅಂತ. ಇನ್ನೊಂದು ಲೆಕ್ಕ ನೋಡ್ರಿ: ಆ ರಾತ್ರಿ 20ರಿಂದ 35ರ ವಯಸ್ಸಿನಾಗಿದ್ದ ಲಾತೂರು, ಉಮರ್ಗಾ ಕಡಿಯ ಹೆಣ್ಣುಮಕ್ಕಳು ಈಗ 50 ದಾಟ್ಯಾರ, ಕೆಲವರು 65ರ ಮ್ಯಾಲ. ಚಪ್ಪಿ ಮುರಿಯೋ ವಯಸ್ಸಿಗಿ ಒಂದು ಇಡೀ ತಲಿಮಾರು ಈಗ ಬರ್ಲಾಕತ್ತದ.

ಪಿಶವಿ ತಗಿಸಿದ್ದೊಂದೇ ಸಾಕಾಗಿತ್ತು ಇಷ್ಟೆಲ್ಲಾ ಆಗ್ಲಿಕ್ಕ, ಭೂಕಂಪ ನಡುವ ತರಬ್ಯಾಡ ಅನ್ನೋದು ಸರ್ ವಾದ. ಒಂದು ಕೇಸಿನಿಂದ ಅದನ್ನ ಬಿಡಸ್ಲಿಕ್ಕ ಬರಂಗಿಲ್ಲ, ಒಪ್ತೀನಿ. ಆಮ್ಯಾಲ ನಮ್ಮದು ದವಾಖಾನಿ ಸ್ಟಡಿ, ದವಾಖಾನಿ ತನಕ ಬಂದವರು ಅಷ್ಟೇ ಲೆಕ್ಕಕ್ಕ ಸಿಗ್ತಾರ, ಹಾಡವೈದ್ಯನ ಪಟ್ಟಿ ಕಟ್ಕೊಂಡು ಮನ್ಯಾಗೇ ಮಲಗಿದವರು ಸಿಗಂಗಿಲ್ಲ. ಆದ್ರ ಕೇಳದೇ ಇದ್ರ ನೂರು ಕೇಸು ಬಂದ್ರೂ ಬಿಡಸ್ಲಿಕ್ಕ ಬರಂಗಿಲ್ಲ.

ಔಷಧ, ಚಪ್ಪಲ್

ವಿಟಮಿನ್ ಡಿ 11 ಬಂತು, 20ರ ಕೆಳಗಿದ್ರ ಕೊರತಿ. ಎಲುಬಿನಿಂದ ಕ್ಯಾಲ್ಸಿಯಂ ಎಳಿಯೋ ಹಾರ್ಮೋನ್, ಪಿಟಿಎಚ್, ಏರಿತ್ತು. ಮೈಲೋಮಾ (ಎಲುಬು ತಿನ್ನೋ ಒಂದು ಕ್ಯಾನ್ಸರ್) ಅಲ್ಲ ಅಂತ ರಕ್ತ ನೋಡಿ ಖಾತ್ರಿ ಮಾಡ್ಕೊಂಡ್ರು. ಡಿ ಕಮ್ಮಿ ಇದ್ದಾಗ ಎಲುಬಿನ ಜೋರ ಔಷಧ ಕೊಟ್ರ ರಕ್ತದಾಗಿನ ಕ್ಯಾಲ್ಸಿಯಂ ಧಡಕ್ಕನೆ ಇಳೀತದ, ಅದಕ್ಕ ಮೊದಲ ವಾರಕ್ಕೊಂದು 60,000 ಯೂನಿಟ್ಟಿನ ಪುಡಿ ಎಂಟು ವಾರ, ಸಂಗಾಟ ಕ್ಯಾಲ್ಸಿಯಂ.

ಆಮ್ಯಾಲ ಯಾವ ಔಷಧ ಅಂತ ಇನ್ನೊಂದು ಚರ್ಚಾ. ವಾರಕ್ಕೊಂದು ಅಲೆಂಡ್ರೊನೇಟ್ ಗುಳಗಿ ಅದ, ಬೆಳಿಗ್ಗಿ ಖಾಲಿ ಹೊಟ್ಟಿಲೆ ಬರೀ ನೀರಿನ ಸಂಗಾಟ ತಗೊಂಡು ಅರ್ಧ ತಾಸು ನೆಟ್ಟಗ ಕೂಡಬೇಕು, ಏನೂ ತಿನ್ನಂಗಿಲ್ಲ ಕುಡಿಯಂಗಿಲ್ಲ. "ಚಾನೂ ಇಲ್ಲೇನು?" ಅಂದ್ರು ಆಯಿ. ಅಲ್ಲಿಗೇ ಆ ಮಾತು ಮುಗೀತು. ವರ್ಷಕ್ಕೊಮ್ಮಿ ಸಲೈನಿನಾಗ ಕೊಡೋ ಝೊಲೆಡ್ರೊನೇಟ್ ಉಳೀತು. ಮೇಡಮ್ಮಿಗಿ ಅದರಾಗ ಒಂದು ಅಂಜಿಕಿ ಇತ್ತು: ಈ ಜಾತಿ ಔಷಧ ಭಾಳ ವರ್ಷ ತಗೊಂಡ್ರ ಅಪರೂಪಕ್ಕ ತೊಡಿ ಎಲುಬು ನಡುವೇ ಮುರೀತದ, ಬಾಗಿದ ಎಲುಬಿನವರಿಗಿ ಆ ಅಪಾಯ ಹೆಚ್ಚು, ಆಯಿಯ ಎಡ ತೊಡಿ ಬಾಗೇ ಕೂಡ್ಯಾದ. ಟೆರಿಪ್ಯಾರಟೈಡ್ ದಿನಾ ಚುಚ್ಚೋ ಇಂಜೆಕ್ಷನ್, ರೊಕ್ಕ ಆಗಂಗಿಲ್ಲ. ಕೊನಿಗಿ ಮುಂದಿನ ಮುರಿತದ ಅಪಾಯ ಇದಕ್ಕಿಂತ ಭಾಳ ದೊಡ್ಡದು ಅಂತ ಝೊಲೆಡ್ರೊನೇಟೇ ಕೊಟ್ರು. ಎರಡು ದಿನ ಜ್ವರ, ಮೈ ನೋವು ಬಂತು, ಬರ್ತದ ಅಂತ ಮೊದಲೇ ಹೇಳಿದ್ದಕ್ಕ ಅಂಜಲಿಲ್ಲ. ಎಡ ತೊಡಿ ನಡುವ ನೋವು ಶುರು ಆದ್ರ ಕಾಯಬ್ಯಾಡ, ತಕ್ಷಣ ಕರ್ಕೊಂಡು ಬಾ ಅಂತ ಮಗಳಿಗಿ ಹೇಳೀವಿ.

ನನ್ನ ಪ್ರಕಾರ ಇಡೀ ಕೇಸಿನಾಗ ಅಗ್ಗದ ಚಿಕಿತ್ಸಾ, ಮತ್ತ ಮೂವತ್ತು ವರ್ಷದಾಗ ಯಾರೂ ಮಾಡದ ಚಿಕಿತ್ಸಾ, ಚಪ್ಪಲ್. ಎಡಗಾಲಿಗಿ ಎತ್ತರ ಕೊಡಬೇಕು. ಪೂರಾ ಎರಡೂವರಿ ಕೊಟ್ರ ಇಷ್ಟು ವರ್ಷ ಹೊಂದಿಕೊಂಡ ಟೊಂಕಕ್ಕ ತ್ರಾಸ, ಒಂದೂವರಿ ಸೆಂಟಿಮೀಟರ್ ಸಾಕು ಅಂದ್ರು ಫಿಸಿಯೋದವರು. ಅಕ್ಕಲಕೋಟದ ಬಸ್‌ಸ್ಟ್ಯಾಂಡ್ ಹತ್ರ ಕೂಡೋ ಒಬ್ಬ ಚಮ್ಮಾರಣ್ಣ ಹಳೇ ಟೈರಿನ ಪದರು ಕೊಯ್ದು ಹಚ್ಚಿ ಕೊಟ್ಟ, ಚಂದ ಮಾಡ್ಯಾನ. ಒಂದು ತಿಂಗಳ ಮ್ಯಾಲ ಫೋನ್ ಮಾಡಿದ್ರ ಗೊತ್ತಾಯ್ತು, ಆಯಿ ಅದನ್ನ ಅಂಗಳಕ್ಕ ಅಷ್ಟೇ ಹಾಕ್ತಾರ, ಮನಿಯೊಳಗ ದೇವರದಾನ, ಚಪ್ಪಲ್ ಹ್ಯಾಂಗ ಹಾಕ್ಲಿ ಅಂತಾರ. ಬಿದ್ದದ್ದು ಬಚ್ಚಲ ಹೊಸ್ತಿಲದಾಗ! ಆಮ್ಯಾಲ ಬ್ಯಾರೆ ಒಂದು ಜೋಡಿ, ಹೊರಗಿನ ನೆಲ ಎಂದೂ ಮುಟ್ಟದ ಹೊಸಾ ಅರಿವಿ ಚಪ್ಪಲ್, ಮನಿಯೊಳಗಿಂದು ಅಂತನೇ ಮಾಡಿಸಿದ್ರು. ದೇವರ ಕ್ವಾಣಿಗಿ ಹೋಗೋ ಮುಂದ ಬಿಡ್ತಾರ, ಉಳದ ಕಡಿ ಹಾಕ್ತಾರ. ಬಚ್ಚಲ ಹೊಸ್ತಿಲ ಅಳಿಯ ಒಡದು ಸಮಾ ಮಾಡ್ಯಾನ.

ಈಗ

ಚಪ್ಪಿ ಮುರಿದ ಹಿರಿಯರಾಗ ಐದಕ್ಕ ಒಬ್ಬರಾದ್ರೂ ವರ್ಷದೊಳಗ ಹೋಗ್ತಾರ ಅನ್ನೋದು ಹಲವು ದೇಶದ ಅನುಭವ. ಆಯಿ ಆ ವರ್ಷ ದಾಟ್ಯಾರ. ವಾಕರ್ ಬಿಟ್ಟು ಕೋಲಿಗಿ ಬಂದಾರ, ಎರಡನೇ ಸಲೈನ್ ಆಗ್ಯಾದ, ವಿಟಮಿನ್ ಡಿ 30ರ ಮ್ಯಾಲ ಬಂದದ. ಮಿಸ್ರಿ ಬಿಟ್ಟಿಲ್ಲ, ಕಮ್ಮಿ ಮಾಡೀನಿ ಅಂತಾರ, ಮಗಳು ಸುಳ್ಳು ಅಂತಾಳ.

ಆ ಮಗಳು ಅಂದ್ರ ಹೊಟ್ಟಿ ಕೆಳಗ ಉಳದ ಕೂಸು, ಈಗ ಮೂವತ್ತು ದಾಟ್ಯಾಳ. ಬಿಳಿಪದರ (ಬಿಳಿಸೆರಗು) ತ್ರಾಸ ಅಂತ ಒಂದು ಕಡಿ ತೋರಿಸಿದ್ರ ಅಕಿಗೂ ಪಿಶವಿ ತಗಿಸು ಅಂದಾರ. ನಮ್ಮ ಹೆಣ್ಣುಮಕ್ಕಳ ವಿಭಾಗದಾಗ ಕರ್ಕೊಂಡು ಹೋಗಿ ತೋರಿಸಿದೆ, ಹದಿನಾಲ್ಕು ದಿನದ ಗುಳಗಿಯಾಗ ಕಮ್ಮಿ ಆಯ್ತು, ಪಿಶವಿ ಇದ್ದಲ್ಲೇ ಅದ.

ಫಾರ್ಮಿಗಿ ಮೂರು ಪ್ರಶ್ನೆ ಸೇರಿಸ್ಲಿಕ್ಕ ಎಥಿಕ್ಸ್ ಕಮಿಟಿಗಿ ತಿದ್ದುಪಡಿ ಕಳಿಸಿದ್ವಿ, ಒಪ್ಪಿಗಿ ಬಂತು: ಭೂಕಂಪದಾಗ ಪೆಟ್ಟಾಗಿತ್ತೇನು, ಎಷ್ಟು ದಿನ ಹಾಸಗಿ ಹಿಡದಿದ್ರಿ, ಪಿಶವಿ ಯಾವ ವಯಸ್ಸಿಗಿ ತಗಿಸಿದ್ರಿ. ಮಿಸ್ರಿದು ನಾಕನೇದಾಗಿ ಬರದಿದ್ದೆ, ಅದನ್ನ ಸರ್ ತಂಬಾಕಿನ ಹಳೇ ಪ್ರಶ್ನೆಯೊಳಗೇ ಸೇರಿಸಿದ್ರು. ಭೂಕಂಪದ ಕಾಲಂ ಬಗ್ಗೆ ಅವರು ಇನ್ನೂ ಗೊಣಗ್ತಾರ, ಸೋಲಾಪುರ ಶಹರದ ಪೇಷಂಟುಗಳದ್ದು ಅಲ್ಲಿ ಬರೀ "ಇಲ್ಲ" ಬೀಳ್ತದ, ಸುಮ್ನ ಜಾಗ ಹಾಳು ಅಂತಾರ. ಉಮರ್ಗಾ, ಲೋಹಾರಾ ಕಡಿಯವರು ಬಂದ ದಿನ ಮಾತ್ರ ಫೈಲ್ ತಾವೇ ಇಸ್ಕೊಂಡು ನೋಡ್ತಾರ.